ಕೊಂಬಿನೊಳಗೆ ಎಲುಬು, ದಂತದೊಳಗೆ ತಿರುಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಹುಣ್ಣಿಮೆ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಊರುಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೊಂಬಣಸು ತೊಡಿಸುತ್ತಾರೆ. ಮೇಲುಮೇಲೆ ಹೆರೆದರೆ ಎತ್ತಿಗೆ ನೋವಾಗುವುದಿಲ್ಲ. ಅದೇ ಕೊಂಬು ಬುಡದಲ್ಲಿ ಮುರಿದರೆ ಮಾತ್ರ ರಕ್ತ ಧಾರೆಯಾಗಿ ಸುರಿಯುತ್ತದೆ. ಕೊಂಬಿಗೂ ದಂತಕ್ಕೂ ಇರುವ ಅಂತರವನ್ನು ತಿಳಿಯಲು ಇಲ್ಲಿಂದಲೇ ಹೊರಡಬಹುದು.

ದನ, ಎಮ್ಮೆ, ಆಡು, ಕುರಿ, ಕೃಷ್ಣಮೃಗ, ಇವುಗಳ ಕೊಂಬಿಗೆ ಎರಡು ಪದರಗಳಿವೆ. ಹೊರಗಿನದು ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಾದ ಗಟ್ಟಿ ಒರೆ. ಅದರಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಒಳಗಿನದು ಹಣೆಯ ಎಲುಬಿನಿಂದಲೇ ಹೊರಟ ಜೀವಂತ ಮೂಳೆ. ಬೆಳೆದ ದನದಲ್ಲಿ ಈ ಮೂಳೆ ಟೊಳ್ಳಾಗಿದ್ದು, ಹಣೆಯೊಳಗಿನ ಗಾಳಿಯ ಕುಹರದ ಮೂಲಕ ಮೂಗಿನವರೆಗೂ ಸಂಪರ್ಕ ಹೊಂದಿರುತ್ತದೆ. ಆದ್ದರಿಂದಲೇ ಕೊಂಬು ಮುರಿದ ಎತ್ತಿನ ಮೂಗಿನಲ್ಲಿಯೂ ರಕ್ತ ಕಾಣಿಸುವುದುಂಟು. ಎಳೆಗರುವಿನಲ್ಲಿ ಹೀಗಿಲ್ಲ: ಮೊದಲ ಕೆಲವು ವಾರಗಳಲ್ಲಿ ಕೊಂಬಿನ ಮೊಳಕೆ ಚರ್ಮದಲ್ಲಷ್ಟೇ ಇದ್ದು, ತಲೆಬುರುಡೆಗೆ ಇನ್ನೂ ಅಂಟಿಕೊಂಡಿರುವುದಿಲ್ಲ. ಕೊಂಬು ಬೇಡವೆನ್ನುವವರು ಆ ಅವಧಿಯಲ್ಲಿಯೇ ಪಶುವೈದ್ಯರಿಂದ ಮೊಳಕೆಯನ್ನು ಸುಡಿಸಬೇಕು.

ಎತ್ತು ಸಾಕಿದವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ದೇಸಿ ತಳಿಗಳ ವಯಸ್ಸಾದ ಎತ್ತುಗಳಲ್ಲಿ ಕೊಂಬಿನ ಕ್ಯಾನ್ಸರ್ ಅಪರೂಪವಲ್ಲ. ಅದು ಹುಟ್ಟುವುದು ಹೊರಗಿನ ಒರೆಯಲ್ಲಲ್ಲ, ಒಳಗಿನ ಜೀವಂತ ಭಾಗದಲ್ಲಿ. ಎತ್ತು ಪದೇ ಪದೇ ತಲೆ ಕೊಡವುವುದು, ಒಂದೇ ಕಡೆಗೆ ತಲೆ ವಾಲಿಸುವುದು, ಕೊಂಬನ್ನು ಮರಕ್ಕೆ ತಿಕ್ಕುವುದು, ಆ ಬದಿಯ ಮೂಗಿನಿಂದ ರಕ್ತಮಿಶ್ರಿತ ಸ್ರಾವ, ಕೊನೆಗೆ ಕೊಂಬು ಸಡಿಲವಾಗಿ ಬಾಗುವುದು ಇದರ ಲಕ್ಷಣಗಳು. ಕೊಂಬು ಬಾಗುವವರೆಗೆ ಕಾಯದೆ, ತಲೆ ವಾಲಿಸಿದಾಗಲೇ ವೈದ್ಯರಿಗೆ ತೋರಿಸುವುದು ಲೇಸು.

ಇನ್ನು ದಂತ. ಆನೆಯ ದಂತವು ಹಣೆಯಿಂದ ಹೊರಟದ್ದಲ್ಲ; ಅದು ಮೇಲ್ದವಡೆಯ ಬಾಚಿಹಲ್ಲು. ಜೀವಮಾನವಿಡೀ ಬೆಳೆಯುವ ಈ ಹಲ್ಲಿನ ಸುಮಾರು ಮೂರನೆಯ ಒಂದು ಭಾಗ ತಲೆಬುರುಡೆಯೊಳಗೇ ಹುದುಗಿರುತ್ತದೆ, ಬುಡದ ಟೊಳ್ಳಿನಲ್ಲಿ ನರ ಮತ್ತು ರಕ್ತನಾಳಗಳ ತಿರುಳು ತುಂಬಿರುತ್ತದೆ. ತುದಿ ಮುರಿದರೆ ಆನೆ ಸಹಿಸಿಕೊಳ್ಳಬಲ್ಲದು. ತಿರುಳು ಬಯಲಾದರೆ ನಂಜೇರುತ್ತದೆ. ಪೂರ್ಣ ದಂತಕ್ಕಾಗಿ ಬೇಟೆಗಾರರು ಆನೆಯನ್ನು ಕೊಂದೇ ತೀರುವುದು ದಂತದ ಬುಡ ಹೀಗೆ ತಲೆಬುರುಡೆಯೊಳಗೆ ಹುದುಗಿರುವ ಕಾರಣದಿಂದ. ಏಷ್ಯಾದ ಹೆಣ್ಣಾನೆಗಳಿಗೆ ಸಾಮಾನ್ಯವಾಗಿ ದಂತ ಹೊರಗೆ ಕಾಣುವುದಿಲ್ಲ; ದಂತವಿಲ್ಲದ ಗಂಡಾನೆಗಳೂ ಇವೆ, ಅವನ್ನು ಮಖನಾ ಎನ್ನುತ್ತಾರೆ. ನಮ್ಮ ಹೊಲಗಳಿಗೆ ನುಗ್ಗುವ ಕಾಡುಹಂದಿಯ ಕೋರೆಯೂ ಹಲ್ಲೇ, ಆದರೆ ಅದು ಬಾಚಿಹಲ್ಲಲ್ಲ, ಕೋರೆಹಲ್ಲು. ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜುತ್ತ ತಾನೇ ಹರಿತವಾಗುತ್ತದೆ.

ಘೇಂಡಾಮೃಗದ ಕೊಂಬಿನಲ್ಲಿ ಎಲುಬಿಲ್ಲ, ಅದು ಆದ್ಯಂತ ಕೆರಾಟಿನ್. ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಚುಕ್ಕೆಜಿಂಕೆ, ಕಡವೆಗಳ ಕವಲುಕೊಂಬು ಇದಕ್ಕೆ ತದ್ವಿರುದ್ಧವಾಗಿ ಬರಿಯ ಎಲುಬು. ಅದು ಉದುರಿ ಹೊಸದಾಗಿ ಬರುತ್ತದೆ. ಬೀದರ್ ಕಡೆಯ ಬಯಲುಗಳಲ್ಲಿ ಓಡಾಡುವ ಗಂಡು ಕೃಷ್ಣಮೃಗದ ಸುರುಳಿಗೊಂಬು ಮಾತ್ರ ಉದುರುವುದಿಲ್ಲ. ಚಿಂಚೋಳಿಯ ಕಾಡಿನಲ್ಲಿರುವ ಕೊಂಡುಕುರಿಯ ಗಂಡಿಗಂತೂ ನಾಲ್ಕು ಕೊಂಬುಗಳು.

ಕೊನೆಯದಾಗಿ ಒಂದು ಹಳೆಯ ತರ್ಕ. ದನ, ಕುರಿಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ, ಅಂದರೆ ಆನೆಗೆ ದಂತ ಹೊರಡುವ ಜಾಗದಲ್ಲಿ, ಹಲ್ಲೇ ಇರುವುದಿಲ್ಲ. ಅಲ್ಲಿರುವುದು ಗಟ್ಟಿಯಾದ ವಸಡು. ಹಲ್ಲಿಗೆ ಹೋಗಬೇಕಾದ ದ್ರವ್ಯವು ಕೊಂಬಿಗೆ ಹೋದದ್ದೇ ಇದಕ್ಕೆ ಕಾರಣವೆಂದು ಗ್ರೀಸಿನ ಅರಿಸ್ಟಾಟಲ್ ವಾದಿಸಿದ್ದನು. ವಾದ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ: ಹುಟ್ಟಿನಿಂದಲೇ ಕೊಂಬಿಲ್ಲದ ಬೋಳು ಕುರಿಯ ಬಾಯಿ ತೆರೆದು ನೋಡಿದರೂ ಮೇಲೆ ಆ ವಸಡೇ ಕಾಣಿಸುತ್ತದೆ.