ನಾಯಿ ಚೆನ್ನಾಗಿರುವಾಗಲೇ ಡಾಕ್ಟರನ್ನು ಹುಡುಕಿಡಿ

ನಮಸ್ಕಾರ. ಮಳೆಗಾಲ ಹತ್ತಿರ ಬಂತು. ನಮ್ಮ ತೀರ್ಥಹಳ್ಳಿ ಕಡೆ ಈಗ ಎಲ್ಲರ ಮನೆಯಲ್ಲೂ ಒಂದೇ ಗಡಿಬಿಡಿ. ಸೌದೆ ಒಳಗೆ ಹಾಕಬೇಕು, ಹೆಂಚು ಸರಿ ಮಾಡಿಸಬೇಕು, ತೋಟಕ್ಕೆ ಔಷಧಿ ಹೊಡೆಯುವವರನ್ನು ಗೊತ್ತು ಮಾಡಬೇಕು. ಇದರ ಜೊತೆಗೆ ಇನ್ನೊಂದು ಕೆಲಸ ಸೇರಿಸಿಕೊಳ್ಳಿ ಅಂತ ಹೇಳುವುದಕ್ಕೇ ಈ ವಿಡಿಯೋ. ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ, ಅದಕ್ಕೊಬ್ಬ ಡಾಕ್ಟರನ್ನು ಈಗಲೇ ನೋಡಿಟ್ಟುಕೊಳ್ಳಿ. ಅದು ಆಡಿಕೊಂಡು, ಉಂಡುಕೊಂಡು ಚೆನ್ನಾಗಿರುವಾಗಲೇ.

ಯಾಕೆಂದರೆ ಪ್ರಾಣಿ ಮಲಗಿದ ಮೇಲೆ ಡಾಕ್ಟರನ್ನು ಹುಡುಕಲು ಹೊರಟರೆ ಯಾರು ಸಿಗುತ್ತಾರೋ ಅವರೇ ಗತಿ. ಆಗ ವಿಚಾರಿಸುವ ವ್ಯವಧಾನ ಇರುವುದಿಲ್ಲ. ಖರ್ಚು ಕೈಮೀರುವುದು ಆಗಲೇ. ಫೀಸಿಗಿಂತ ತಡವಾಗಿದ್ದಕ್ಕೆ ಕೊಡುವ ದುಡ್ಡೇ ಜಾಸ್ತಿ.

ಈಗ ಕಾಣುತ್ತಿರುವವಳು ನಮ್ಮ ಕಾಳಿ. ಊರ ನಾಯಿ. ಇವಳನ್ನು ಮೊದಲ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಸೂಜಿ ತೆಗೆಯಲಿಲ್ಲ. ಮೊದಲು ತೂಕ ನೋಡಿದರು. ಆಮೇಲೆ ತುಟಿ ಎತ್ತಿ ವಸಡು ನೋಡಿದರು. ಹೆಬ್ಬೆರಳಿನಲ್ಲಿ ವಸಡನ್ನು ಒಮ್ಮೆ ಒತ್ತಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಯಿತು, ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಿಕೊಂಡಿತು. "ರಕ್ತ ಸರಿಯಾಗಿ ಓಡ್ತಾ ಇದೆ" ಅಂದರು. ದವಡೆ ಕೆಳಗೆ, ಹಿಂಗಾಲಿನ ಮಂಡಿ ಹಿಂದೆ ಬೆರಳಾಡಿಸಿ ಗಂಟು ಊದಿದೆಯಾ ಅಂತ ನೋಡಿದರು. ಥರ್ಮಾಮೀಟರ್ ಇಟ್ಟರು. ನಾಯಿಯ ಮೈ ನಮಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಅದಕ್ಕೆ ಮಾಮೂಲು. ಕೈಯಲ್ಲಿ ಮುಟ್ಟಿ, ಮೂಗು ಒಣಗಿದೆ ಅಂತ ಹೇಳಿ ಜ್ವರ ತೀರ್ಮಾನ ಮಾಡಲು ಬರುವುದಿಲ್ಲ.

ಡಾಕ್ಟರನ್ನು ಅಳೆಯಲು ನನಗೆ ಇಷ್ಟು ಸಾಕು. ಕೈಯಿಟ್ಟು ನೋಡುತ್ತಾರಾ? ತೂಕ ನೋಡಿಯೇ ಡೋಸ್ ಹೇಳುತ್ತಾರಾ? ಏನು ತಿಂತು, ಎಲ್ಲೆಲ್ಲಿ ತಿರುಗುತ್ತದೆ, ಮಲ ಹೇಗಿದೆ, ಉಣುಗು, ಅಂದರೆ ಉಣ್ಣೆ, ಹತ್ತಿದೆಯಾ ಅಂತ ಕೇಳುತ್ತಾರಾ? ಕೊಟ್ಟ ಇಂಜೆಕ್ಷನ್ ಯಾವುದು ಅಂತ ಚೀಟಿಯಲ್ಲಿ ಬರೆದು ಕೊಡುತ್ತಾರಾ? ಎಲ್ಲಕ್ಕಿಂತ ಮುಖ್ಯ, "ಇದು ಇಲ್ಲಿ ಆಗುವುದಿಲ್ಲ, ಶಿವಮೊಗ್ಗಕ್ಕೆ ಹೋಗಿ" ಅಂತ ಹೊತ್ತಿಗೆ ಸರಿಯಾಗಿ ಹೇಳುತ್ತಾರಾ? ಹಾಗೆ ಹೇಳುವ ಡಾಕ್ಟರನ್ನು ಬಿಡಬೇಡಿ. ಅವರು ನಿಮ್ಮ ದುಡ್ಡನ್ನೂ ಉಳಿಸುತ್ತಾರೆ, ನಾಯಿಯನ್ನೂ ಉಳಿಸುತ್ತಾರೆ.

ಇನ್ನೊಂದು ಮಾತು. ಹಳ್ಳಿ ಕಡೆ ಚೀಲ ಹಿಡಿದು ಬಂದು ಇಂಜೆಕ್ಷನ್ ಕೊಡುವವರಿಗೆಲ್ಲ ನಾವು ದನದ ಡಾಕ್ಟ್ರು ಅಂತಲೇ ಕರೆಯುತ್ತೇವೆ. ಆದರೆ ಡಾಕ್ಟರು ಅಂದರೆ ಬಿ.ವಿ.ಎಸ್ಸಿ. ಪದವಿ ಮಾಡಿ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆದವರು. ಕೇಳುವುದರಲ್ಲಿ ತಪ್ಪೇನಿಲ್ಲ. ಓದಿದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲಿಗೆ ಹೋಗುವುದು? ಮೊದಲು ನಿಮ್ಮ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ. ಅಲ್ಲಿ ನಾಯಿ ನೋಡುವುದಿಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನೋಡುತ್ತಾರೆ. ಆದರೆ ಅವರಿಗೆ ದನಕರುಗಳ ಕೆಲಸವೇ ಹೆಚ್ಚು. ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನಗಳಲ್ಲಿ ಡಾಕ್ಟರು ಊರೂರು ತಿರುಗುತ್ತಿರುತ್ತಾರೆ. ಹಾಗಾಗಿ ಫೋನ್ ಮಾಡಿ, ಬೆಳಿಗ್ಗೆ ಹೊತ್ತು ಹೋಗಿ. 1962ಕ್ಕೆ ಕರೆ ಮಾಡಿದರೆ ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ವಾಹನದವರು ಸಿಗುತ್ತಾರೆ. ಅದು ಮುಖ್ಯವಾಗಿ ಜಾನುವಾರುಗಳಿಗೆ ಇರುವ ಸೇವೆ, ಆದರೂ ನಂಬರ್ ನಿಮ್ಮ ಹತ್ತಿರ ಇರಲಿ.

ದೊಡ್ಡ ತೊಂದರೆಗೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜು ಇದು. ಕಲಿಸುವ ಆಸ್ಪತ್ರೆ ಆದ್ದರಿಂದ ವಿದ್ಯಾರ್ಥಿಗಳು ಸುತ್ತ ನಿಂತಿರುತ್ತಾರೆ, ಒಂದೇ ಪ್ರಶ್ನೆಯನ್ನು ಇಬ್ಬರು ಮೂವರು ಕೇಳುತ್ತಾರೆ. ಹೊತ್ತು ಹಿಡಿಯುತ್ತದೆ. ನನಗೆ ಅದು ಒಳ್ಳೆಯದೇ ಅನ್ನಿಸುತ್ತದೆ. ಅಷ್ಟು ಕಣ್ಣು ನೋಡುವಾಗ ಬಿಟ್ಟುಹೋಗುವುದು ಕಡಿಮೆ. ಮೆಡಿಸಿನ್, ಸರ್ಜರಿ ಅಂತ ಬೇರೆ ಬೇರೆ ವಿಷಯ ಓದಿದ ಪ್ರಾಧ್ಯಾಪಕರೂ ಅಲ್ಲೇ ಇರುತ್ತಾರೆ.

ನಮ್ಮಂಥ ದೂರದವರಿಗೆ ನಿಜವಾದ ಖರ್ಚು ದಾರಿಯದ್ದು. ನಾಯಿ ಹತ್ತಿಸಿಕೊಳ್ಳುವ ಬಸ್ಸು ಸಿಗುವುದು ಕಷ್ಟ. ಓಮ್ನಿಯೋ ಆಟೋವೋ ಬಾಡಿಗೆಗೆ ಹಿಡಿದರೆ ಅದೇ ಡಾಕ್ಟರ ಫೀಸಿಗಿಂತ ಜಾಸ್ತಿ ಆಗುತ್ತದೆ. ಅದಕ್ಕೇ ಊರಿನ ಡಾಕ್ಟರ ಹತ್ತಿರ ಆಗುವ ಕೆಲಸಕ್ಕೆ ಪೇಟೆಗೆ ಹೋಗಬೇಡಿ. ಪೇಟೆಗೆ ಹೋಗುವುದಾದರೆ ಹಳೆಯ ಚೀಟಿ, ಲಸಿಕೆ ಕಾರ್ಡು, ರಕ್ತದ ರಿಪೋರ್ಟು ಎಲ್ಲ ಒಟ್ಟಿಗೆ ಹಿಡಿದು ಹೋಗಿ. ಮೊನ್ನೆ ಮಾಡಿಸಿದ ಟೆಸ್ಟನ್ನೇ ಇವತ್ತು ಮತ್ತೆ ಮಾಡಿಸುವ ಅಗತ್ಯ ಬರುವುದಿಲ್ಲ.

ಇನ್ನು ದುಡ್ಡಿನ ಮಾತು. ಇದನ್ನು ಕೇಳಲು ನಮಗೆಲ್ಲ ಸಂಕೋಚ, ಅಲ್ವಾ? ಪ್ರೀತಿ ಇದ್ದರೆ ದುಡ್ಡು ನೋಡಬಾರದು ಅಂತ ಒಳಗೊಳಗೇ ಒಂದು ಅಳುಕು. ಅದನ್ನು ಬಿಡಿ. ಹೀಗೆ ಕೇಳಿ: "ಡಾಕ್ಟ್ರೇ, ನನ್ನ ಹತ್ತಿರ ಇವತ್ತು ಇಷ್ಟಿದೆ. ಇವತ್ತೇ ಮಾಡಬೇಕಾದ್ದು ಯಾವುದು, ಎರಡು ದಿನ ಕಾಯಬಹುದಾದ್ದು ಯಾವುದು?" ಒಳ್ಳೆಯ ಡಾಕ್ಟರು ಇದಕ್ಕೆ ನೇರ ಉತ್ತರ ಕೊಡುತ್ತಾರೆ. ಮೊದಲು ರಕ್ತ ನೋಡೋಣ, ಎಕ್ಸ್‌ರೇ ಆಮೇಲೆ ನೋಡಿಕೊಳ್ಳೋಣ ಅನ್ನುತ್ತಾರೆ. ಔಷಧಿ ಬರೆಯುವಾಗ ಬ್ರ್ಯಾಂಡಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಇವೆಲ್ಲ ಮನುಷ್ಯರಿಗೂ ಕೊಡುವ ಔಷಧಿಗಳೇ. ಡಾಕ್ಟರು ಒಪ್ಪಿದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ನೀವೇ ಲೆಕ್ಕ ಹಾಕಿ ಕೊಡಬೇಡಿ. ಅದರಲ್ಲೂ ಜ್ವರದ ಪ್ಯಾರಾಸಿಟಮಾಲ್! ಬೆಕ್ಕಿಗೆ ಒಂದು ಮಾತ್ರೆ ಸಾಕು, ಪ್ರಾಣ ಹೋಗುತ್ತದೆ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ.

ಲಸಿಕೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಹದಿನಾರು ವಾರ ಆಗುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಪಾರ್ವೋ ಅನ್ನುವ ವಾಂತಿ-ಭೇದಿಯ ವೈರಸ್ ಕಾಯಿಲೆ ಬಂದ ಮರಿಯನ್ನು ದಿನಗಟ್ಟಲೆ ಡ್ರಿಪ್ ಹಾಕಿ ಉಳಿಸಿಕೊಳ್ಳುವ ಖರ್ಚಿನ ಮುಂದೆ ಲಸಿಕೆಯ ಖರ್ಚು ಏನೂ ಅಲ್ಲ. ನಮ್ಮ ಮಳೆಗೆ ಇಲಿ ಜ್ವರದ ಲಸಿಕೆಯೂ ಬೇಕು. ಇಲಿಯ ಮೂತ್ರ ಸೇರಿದ ನೀರಿನಿಂದ ನಾಯಿಗೆ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು.

ಲಸಿಕೆ ಹಾಕುವಾಗ ಹತ್ತಿರ ನಿಂತು ನೋಡಿ. ಒಂದು ಪುಟ್ಟ ಬಾಟಲಿಯಲ್ಲಿ ಒಣಗಿದ ಬಿಳಿ ಬಿಲ್ಲೆ ಇರುತ್ತದೆ, ಇನ್ನೊಂದರಲ್ಲಿ ದ್ರವ. ದ್ರವವನ್ನು ಸಿರಿಂಜಿಗೆ ಎಳೆದು ಬಿಲ್ಲೆಯ ಮೇಲೆ ಬಿಟ್ಟು ಅಲುಗಿಸಿ, ತಕ್ಷಣ ಚುಚ್ಚುತ್ತಾರೆ. ಆಮೇಲೆ ಬಾಟಲಿಯ ಮೇಲಿನ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಇರುತ್ತದೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. "ಕರೆಂಟ್ ಹೋದಾಗ ಲಸಿಕೆ ಹೇಗೆ ಇಡುತ್ತೀರಿ?" ಅಂತ ಕೇಳಿಬಿಡಿ. ಈ ಒಂದು ಪ್ರಶ್ನೆಯಲ್ಲೇ ಆ ಜಾಗದ ಶಿಸ್ತು ಎಷ್ಟು ಅಂತ ಗೊತ್ತಾಗುತ್ತದೆ.

ರೇಬಿಸ್ ಲಸಿಕೆ ಹತ್ತು ಡೋಸಿನ ಬಾಟಲಿಯಲ್ಲೂ ಬರುತ್ತದೆ. ಇದು ನಮ್ಮ ಕೇರಿಗೆ ದೊಡ್ಡ ಅನುಕೂಲ ಆಯಿತು. ಮೊದಲೇ ಮಾತಾಡಿಕೊಂಡು ಎಲ್ಲರ ನಾಯಿಗಳನ್ನೂ ಒಂದೇ ದಿನ ಶಾಲೆ ಮೈದಾನಕ್ಕೆ ತಂದೆವು. ಡಾಕ್ಟರು ಅಲ್ಲಿಗೇ ಬಂದರು. ಬಂದ ಖರ್ಚನ್ನು ಮನೆಗಳ ಮೇಲೆ ಹಂಚಿಕೊಂಡೆವು. ಪಕ್ಕದ ಮನೆ ಅತ್ತಿಗೆ ಯಾರ ನಾಯಿಗೆ ಯಾವ ದಿನ ಹಾಕಿದ್ದು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ವಿಚಾರಿಸಿ.

ಮಲೆನಾಡಿನಲ್ಲಿ ನಾಯಿ ಸಾಕುವವರ ದುಡ್ಡು ತಿನ್ನುವುದು ಉಣುಗು. ಉಂಬಳ, ಅಂದರೆ ಜಿಗಣೆ, ಕಣ್ಣಿಗೆ ಕಾಣುತ್ತದೆ, ಉಪ್ಪು ಹಾಕಿ ಬಿಡಿಸುತ್ತೀರಿ, ಮುಗಿಯಿತು. ಮೂಗಿನೊಳಗೆ ಹೊಕ್ಕರೆ ಮಾತ್ರ ಡಾಕ್ಟರೇ ಬೇಕು. ಉಣುಗು ಹಾಗಲ್ಲ. ಅದು ಕಚ್ಚಿ ಬಿಟ್ಟುಹೋದ ಮೇಲೆ ಕಾಯಿಲೆ ಶುರು. ನಾಯಿ ಅನ್ನ ಬಿಡುತ್ತದೆ, ಮಂಕಾಗುತ್ತದೆ. ವಸಡು ಬಿಳಿಚಿಕೊಳ್ಳುತ್ತದೆ. ಕೆಲವಕ್ಕೆ ಮೂಗಿನಲ್ಲಿ ರಕ್ತ, ಕೆಲವಕ್ಕೆ ಕಾಫಿ ಬಣ್ಣದ ಮೂತ್ರ. ಎರ್ಲಿಕಿಯಾ, ಬೆಬೀಸಿಯಾ ಅಂತ ಹೆಸರು ಹೇಳುತ್ತಾರೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಪ್ಲೇಟ್‌ಲೆಟ್ ಎಣಿಸುವುದು, ಇವು ಹೆಚ್ಚು ಖರ್ಚಿನ ಪರೀಕ್ಷೆಗಳಲ್ಲ. ಬೇಗ ಹೋದರೆ ಸಾಮಾನ್ಯವಾಗಿ ಮಾತ್ರೆ, ಇಂಜೆಕ್ಷನ್ನಿನಲ್ಲೇ ಗುಣವಾಗುತ್ತದೆ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ನಾಲ್ಕು ವಾರ ಮಾತ್ರೆ. ನಾಯಿ ಎದ್ದು ಓಡಾಡಿತು ಅಂತ ಒಂದು ವಾರಕ್ಕೇ ನಿಲ್ಲಿಸಬೇಡಿ. ತಡ ಮಾಡಿದರೆ ರಕ್ತ ಕೊಡಿಸುವ ಮಟ್ಟಕ್ಕೆ ಹೋಗುತ್ತದೆ.

ತಿಂಗಳಿಗೊಂದು, ಮೂರು ತಿಂಗಳಿಗೊಂದು ಕೊಡುವ ಉಣುಗಿನ ಮಾತ್ರೆಗಳಿವೆ. ಬೆಲೆ ಜಾಸ್ತಿಯೇ. ಬೆಲೆ ತೂಕದ ಮೇಲೆ, ಹಾಗಾಗಿ ತೂಕ ಸರಿಯಾಗಿ ನೋಡಿಸಿ ತನ್ನಿ. ಮಾತ್ರೆ ಕೊಟ್ಟರೂ ಗೂಡು, ಹಾಸಿದ ಗೋಣಿ, ಗೋಡೆ ಬಿರುಕು ಸ್ವಚ್ಛ ಮಾಡಬೇಕು. ನಾಯಿ ಉಣುಗು ಮೊಟ್ಟೆ ಇಡುವುದು ಅಲ್ಲೇ. ಕೊಟ್ಟಿಗೆಯಲ್ಲಿ ದನಕ್ಕೆ ಸವರುವ ಔಷಧಿ ಇರುತ್ತದಲ್ಲ, ಅದನ್ನು ಡಾಕ್ಟರನ್ನು ಕೇಳದೆ ನಾಯಿಗೆ ಹಚ್ಚಬೇಡಿ. ಬೆಕ್ಕಿಗಂತೂ ಬೇಡವೇ ಬೇಡ, ಅದು ನೆಕ್ಕಿಕೊಂಡರೆ ನಡುಕ ಬಂದು ಬೀಳುತ್ತದೆ.

ಸಂಜೆ ಅಮ್ಮ ಕಾಳಿಯನ್ನು ಜಗಲಿ ಮೇಲೆ ಹತ್ತಿಸುವ ಮೊದಲು ಕಿವಿಯೊಳಗೆ, ಬೆರಳಿನ ಸಂದಿ, ಬಾಲದ ಬುಡ ನೋಡುತ್ತಾರೆ. ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆದು, ಸೋಪಿನ ನೀರಿಗೆ ಹಾಕುತ್ತಾರೆ. ಬರಿಗೈಯಲ್ಲಿ ಹೊಸಕಬಾರದು. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದೂ ಉಣುಗೇ. ಕಾಡು ಸುತ್ತಿ ಬಂದ ನಾಯಿಯ ಮೈ ನೋಡುವುದು ಮನೆಯವರ ಆರೋಗ್ಯಕ್ಕೂ ಬೇಕು.

ತೋಟದವರಿಗೆ ಎರಡು ಮಾತು. ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿ ಕಲಸಿದ ಡ್ರಮ್ಮು, ಮೈಲುತುತ್ತದ ಚೀಲ ನಾಯಿಗೆ ಸಿಗದಂತೆ ಇಡಿ. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಅದಕ್ಕಿಂತ ಅಪಾಯ. ನಾಯಿ ಅದನ್ನು ತಿಂಡಿ ಅಂತ ತಿನ್ನುತ್ತದೆ, ಫಿಟ್ಸ್ ಬರುತ್ತದೆ. ತಿಂದದ್ದು ಕಂಡರೆ ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಿ.

ಹೆಣ್ಣು ನಾಯಿಗೆ ಮರಿ ಬೇಡದಿದ್ದರೆ ಆಪರೇಷನ್ ಮಾಡಿಸಿ. ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬಂದರೆ ಅದೇ ಆಪರೇಷನ್ನು ತುರ್ತಾಗಿ, ಎಷ್ಟೋ ಪಟ್ಟು ಖರ್ಚಿನಲ್ಲಿ, ಸುಸ್ತಾದ ನಾಯಿಗೆ ಮಾಡಬೇಕಾಗುತ್ತದೆ. ಕಾಳಿಗೆ ಮಾಡಿಸಿದ್ದೇವೆ. ಹತ್ತು ದಿನ ಹೊಲಿಗೆ ನೆಕ್ಕದಂತೆ ಕಾಯಬೇಕು, ಅಷ್ಟೇ.

ಉಳಿದದ್ದು ತುರ್ತು ಖರ್ಚು. ಪಿಗ್ಮಿ ಕಟ್ಟಿಸಿಕೊಳ್ಳಲು ಬರುವವರ ಹತ್ತಿರ ದಿನಕ್ಕೆ 20 ರೂಪಾಯಿ ಕಾಳಿಯ ಲೆಕ್ಕಕ್ಕೆ ಕಟ್ಟುತ್ತೇವೆ. ವರ್ಷಕ್ಕೆ 7,300 ಆಗುತ್ತದೆ. ಲಸಿಕೆ, ಹುಳದ ಮಾತ್ರೆ ಅದರಲ್ಲೇ ಕಳೆಯುತ್ತದೆ, ಉಳಿದದ್ದು ಹಾಗೇ ಇರುತ್ತದೆ. ರಾತ್ರಿ ಕೊಳಕುಮಂಡಲವೋ ನಾಗರವೋ ಕಚ್ಚಿದರೆ ಬಾಡಿಗೆ ಗಾಡಿಗೆ ಯಾರ ಮುಂದೂ ಕೈಚಾಚಬೇಕಾಗಿಲ್ಲ. ಕಚ್ಚಿದ ಜಾಗ ಕೊಯ್ಯಬೇಡಿ, ಹಗ್ಗ ಕಟ್ಟಬೇಡಿ. ನಾಯಿಯನ್ನು ನಡೆಸಬೇಡಿ, ಎತ್ತಿಕೊಳ್ಳಿ. ನೋವಿಗೆ ಸಾಕಿದವರನ್ನೇ ಕಚ್ಚೀತು, ಕೈ ಜೋಪಾನ. ಹೊರಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇದೆಯಾ, ಇಲ್ಲದಿದ್ದರೆ ಎಲ್ಲಿಗೆ ಹೋಗಲಿ ಅಂತ ಕೇಳಿಕೊಳ್ಳಿ. ಹೊರಟ ಮೇಲೆ ಕೇಳೋಣ ಅಂದರೆ ನಮ್ಮ ದಾರಿಯಲ್ಲಿ ಸಿಗ್ನಲ್ ಸಿಗದ ಜಾಗಗಳೇ ಜಾಸ್ತಿ.