ಉತ್ತರ ಸರಿ ಇದೆ, ಅದರ ಕೆಳಗೊಂದು ಸಾಲು ಇದೆ

ನಮಸ್ಕಾರ. ಇವತ್ತು ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದಿದ್ದೀನಿ. ಇದು ಸಪ್ತಾಪುರ, ನಮ್ಮ ಅಕ್ಕನ ಮನೆ. ಹೊರಗೆ ಜಿಟಿಜಿಟಿ ಮಳೆ. ತಟ್ಟೆಯಲ್ಲಿ ಬಿಸಿ ಮಿರ್ಚಿ. ಸುಮ್ನೆ ಮಾತಾಡಿಕೊಂಡು ಹೋಗೋಣ ಅಂತ ಬಂದೆ. ಅಷ್ಟರಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು.

"ಮಾಮಾ, ಉತ್ತರ ಬರೊಬ್ಬರಿ ಬರ್ತೈತಿ. ಆದ್ರ ಕೆಳಗ ಏನೋ ಒಂದು ಸಾಲು ಬರ್ತೈತಿ ನೋಡು."

ಅದೇ ನೀಲಿ ಪರದೆ. ಟರ್ಬೊ ಸಿ ಪ್ಲಸ್ ಪ್ಲಸ್ 3.0, ಅಂದರೆ ಸಿ ಪ್ರೋಗ್ರಾಂ ಬರೆದು ಓಡಿಸುವ ಹಳೆಯ ಸಾಫ್ಟ್‌ವೇರ್. ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಒಳಗೆ ಓಡುತ್ತಿದೆ. ನಾನು ಸಿ ಕಲಿತಿದ್ದೂ ಇದರಲ್ಲೇ. ಉತ್ತರದ ಪರದೆ ನೋಡೋಕೆ ಆಲ್ಟ್ ಎಫ್5 ಒತ್ತಿದೆ. ಕ್ಯಾಮೆರಾ ಹತ್ತಿರ ತರ್ತೀನಿ, ನೋಡಿ. ಮೊದಲು ಅವಳು ಕೊಟ್ಟ ಊರು, ಗದಗ. ಅದರ ಕೆಳಗೆ 'ನಲ್ ಪಾಯಿಂಟರ್ ಅಸೈನ್‌ಮೆಂಟ್'. ಸೊನ್ನೆ ವಿಳಾಸದ ಜಾಗದಲ್ಲಿ ಏನೋ ಬರೆದಿದ್ದೀರಿ ಅಂತ ಅರ್ಥ.

ಕಂಪೈಲ್ ಮಾಡುವಾಗಿನ ತಪ್ಪಾದರೆ ಸಾಲಿನ ನಂಬರ್ ಸಿಗುತ್ತದೆ. ಓಡುವಾಗಿನ ಈ ತಪ್ಪಿಗೆ ಸಿಗೋದು ಮೂರು ಪದ, ಅದೂ ಪ್ರೋಗ್ರಾಂ ಮುಗಿದ ಮೇಲೆ. ಹಾಗಾಗಿ ತುಂಬ ಜನ ಇದನ್ನು ನೋಡೋದೇ ಇಲ್ಲ. ಕೊನೆಗೆ ಕೀ ಒತ್ತುವವರೆಗೆ ಕಾಯುವ ಗೆಟ್‌ಸಿಎಚ್ ಹಾಕಿರುತ್ತಾರೆ, ಕೀ ಒತ್ತಿದ ಕೂಡಲೇ ಪರದೆ ಹೋಗಿಬಿಡುತ್ತದೆ.

ಅವಳು ಮೇನ್‌ನ ಹೊರಗೆ ಒಂದು ಚಾರ್ ಪಾಯಿಂಟರ್, ಅಂದರೆ ಅಕ್ಷರಗಳು ಮೆಮೊರಿಯಲ್ಲಿ ಎಲ್ಲಿವೆ ಅನ್ನೋ ವಿಳಾಸ ಇಡುವ ವೇರಿಯಬಲ್, ಬರೆದಿದ್ದಳು. ಅದಕ್ಕೆ ಜಾಗ ಕೊಟ್ಟಿರಲಿಲ್ಲ, ಕೀಬೋರ್ಡಿನಿಂದ ಓದುವ ಸ್ಕ್ಯಾನ್‌ಎಫ್‌ನಲ್ಲಿ ನೇರವಾಗಿ ಅದರೊಳಗೆ ಓದಿದ್ದಳು. ಹೊರಗಿನ ಪಾಯಿಂಟರ್ ಸೊನ್ನೆಯಿಂದ ಶುರುವಾಗುತ್ತದೆ. ಅಂದರೆ 'ಗದಗ' ಹೋಗಿ ಕೂತಿದ್ದು ಡೇಟಾ ಸೆಗ್ಮೆಂಟಿನ, ಅಂದರೆ ಪ್ರೋಗ್ರಾಂ ತನ್ನ ಡೇಟಾ ಇಡುವ ಮೆಮೊರಿ ಭಾಗದ, ಮೊಟ್ಟಮೊದಲ ಬೈಟಿನಿಂದ.

ಅಲ್ಲಿ ಏನಿದೆ ಗೊತ್ತಾ? ಮೊದಲು ನಾಲ್ಕು ಖಾಲಿ ಬೈಟ್. ಆಮೇಲೆ ಟರ್ಬೊ ಸಿ ಮಾಡಿದ ಬೋರ್ಲ್ಯಾಂಡ್ ಕಂಪನಿಯ ಕಾಪಿರೈಟ್ ಸಾಲು. ಪ್ರೋಗ್ರಾಂ ಮುಗಿಯುವಾಗ ಟರ್ಬೊ ಸಿ ಸೇರಿಸಿದ ಕೋಡ್ ಈ ಜಾಗದ ಬೈಟ್‌ಗಳನ್ನೆಲ್ಲ ಕೂಡಿಸಿ, ಮೊದಲಿನ ಮೊತ್ತಕ್ಕೆ ಹೋಲಿಸುತ್ತದೆ. ತಾಳೆ ಆಗದಿದ್ದರೆ ಈ ಸಾಲು ಬರುತ್ತದೆ. ಯಾರು ಬರೆದರು, ಯಾವಾಗ ಬರೆದರು, ಅದಕ್ಕೆ ಗೊತ್ತಿಲ್ಲ. ಬದಲಾಗಿದೆ ಅನ್ನೋದಷ್ಟೇ ಗೊತ್ತು.

ಯಾವಾಗ ಅಂತ ಹುಡುಕೋಕೆ ಕಂಟ್ರೋಲ್ ಎಫ್7 ಒತ್ತಿ ಒಂದು ವಾಚ್, ಅಂದರೆ ಪ್ರೋಗ್ರಾಂ ನಡೆಯುವಾಗ ಮೆಮೊರಿಯಲ್ಲಿ ಏನಿದೆ ಅಂತ ತೋರಿಸುವ ಸಾಲು, ಹಾಕಿದ್ವಿ. ನಾಲ್ಕನೇ ವಿಳಾಸದಿಂದ ಇರುವ ಅಕ್ಷರಗಳನ್ನು ತೋರಿಸು ಅಂತ. ಬೋರ್ಲ್ಯಾಂಡ್ ಅಂತ ಪೂರ್ತಿ ಸಾಲು ಕಂಡಿತು. ಎಫ್8 ಒತ್ತಿ ಒಂದೊಂದೇ ಸಾಲು ನಡೆಸಿದ್ವಿ. ಸ್ಕ್ಯಾನ್‌ಎಫ್ ದಾಟಿತು ನೋಡಿ, ಆ ಉದ್ದ ಸಾಲು ಹೋಗಿ ಒಂದೇ ಅಕ್ಷರ ಉಳಿಯಿತು. ಜಿ. ಇಂಗ್ಲಿಷಿನಲ್ಲಿ ಗದಗದ ಐದನೇ ಅಕ್ಷರ! ನಾಲ್ಕು ಅಕ್ಷರ ಖಾಲಿ ಬೈಟ್‌ಗಳಿಗೆ ಹೋದವು, ಐದನೆಯದು ಬೋರ್ಲ್ಯಾಂಡಿನ 'ಬಿ' ಮೇಲೆ ಕೂತಿತು, ಅದರ ಪಕ್ಕದಲ್ಲಿ ಸಾಲು ಮುಗಿಸುವ ಸೊನ್ನೆ. ಅವಳು ಮಿರ್ಚಿ ಕೈಯಲ್ಲೇ ಹಿಡಿದು ಪರದೆ ನೋಡುತ್ತಾ ಕೂತುಬಿಟ್ಟಳು. ನನಗೂ ಮೈ ಜುಮ್ ಅಂತು.

ಆಮೇಲೆ ಹೇಳಿದಳು, "ಲಾರ್ಜ್ ಮಾಡೆಲ್ ಮಾಡ್ಕೊ, ಹೋಗ್ತೈತಿ ಅಂದ್ರು ಮಾಮಾ." ಲಾರ್ಜ್ ಮಾಡೆಲ್ ಅಂದರೆ ಪ್ರೋಗ್ರಾಂಗೆ ಹೆಚ್ಚು ಮೆಮೊರಿ ಬಳಸೋಕೆ ಬಿಡುವ ಕಂಪೈಲರ್ ಆಯ್ಕೆ. ನಿಜ, ಹೋಗುತ್ತದೆ. ಲಾರ್ಜ್ ಮಾಡೆಲ್‌ನಲ್ಲಿ ಈ ಪರೀಕ್ಷೆಯೇ ನಡೆಯೋದಿಲ್ಲ. ಆದರೆ ತಪ್ಪು ಇನ್ನೂ ಜಾಸ್ತಿ ಕೆಟ್ಟದಾಗುತ್ತದೆ. ಅಲ್ಲಿ ಸೊನ್ನೆ ಅಂದರೆ ಇಡೀ ಮೆಮೊರಿಯ ಸೊನ್ನೆ. ಆ ಜಾಗದಲ್ಲಿರೋದು ಇಂಟರಪ್ಟ್ ಪಟ್ಟಿ, ಅಂದರೆ ಏನಾದರೂ ಘಟಿಸಿದಾಗ ಪ್ರೊಸೆಸರ್ ಎಲ್ಲಿಗೆ ಹಾರಬೇಕು ಅನ್ನೋ ವಿಳಾಸಗಳು, ಒಂದೊಂದಕ್ಕೆ 4 ಬೈಟ್. ಅದರ ಮೊದಲನೆಯದೇ ಸೊನ್ನೆಯಿಂದ ಭಾಗಿಸಿದಾಗ ಕರೆಯುವ ವಿಳಾಸ. 'ಡಿವೈಡ್ ಎರರ್' ಅಂತ ಬರುತ್ತದಲ್ವಾ, ಅದು ಆ ದಾರಿಯಿಂದಲೇ ಬರೋದು. ಆ ವಿಳಾಸದ ಮೇಲೆ ಊರಿನ ಹೆಸರು ಬರೆದರೆ, ಮುಂದೆ ಭಾಗಾಕಾರ ತಪ್ಪಿದಾಗ ಸಂದೇಶವೂ ಬರೋದಿಲ್ಲ, ಎಲ್ಲಿಗೋ ಹಾರಿ ಸಿಸ್ಟಮ್ ನಿಂತುಬಿಡಬಹುದು. ಹೀಗಿರುವಾಗ ಆ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ.

ಪಾಯಿಂಟರ್ ತೆಗೆದು 20 ಅಕ್ಷರದ ಅರೇ, ಅಂದರೆ ಅಕ್ಷರಗಳಿಗೆ ಮೀಸಲಾದ ಸಾಲುಜಾಗ, ಮಾಡಿದಳು. ಈ ಸಲ 'ಹಾವೇರಿ' ಅಂತ ಕೊಟ್ಟಳು. ನಾನು ಹೇಳುವ ಮುಂಚೆ ತಾನೇ ಆಲ್ಟ್ ಎಫ್5 ಒತ್ತಿದಳು. ಹಾವೇರಿ ಇದೆ. ಕೆಳಗೆ ಖಾಲಿ.