ಕೊನೆಯ ಹೋಮ್ ಮೀಟ್‌ಗೆ ಟೇಪು ಹಿಡಿಯುವವರಿಗೆ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ, ಕಾಲೇಜು ಕ್ರೀಡಾಕೂಟದ ಸ್ವಯಂಸೇವಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಅಥ್ಲೆಟಿಕ್ಸ್ ತಂಡಕ್ಕೆ ಈ ವರ್ಷದ ಕೊನೆಯ ಹೋಮ್ ಮೀಟ್. ಮೂರನೇ ವರ್ಷದ ಮಕ್ಕಳು ಈ ಮೈದಾನದಲ್ಲಿ ಓಡುವುದು ಅವತ್ತಿಗೆ ಮುಗಿಯಿತು. ಹಾರ, ಶಾಲು, ಫೋಟೊ, ಉಪ್ಪಿಟ್ಟು, ಶಿರಾ ಎಲ್ಲಕ್ಕೂ ಸಮಿತಿಗಳಿವೆ, ಅವು ಚೆನ್ನಾಗಿಯೇ ನಡೆಯುತ್ತವೆ. ಟೇಪು ಮತ್ತು ಸ್ಟಾಪ್‌ವಾಚಿಗೆ ಮಾತ್ರ ಸಮಿತಿಯಿಲ್ಲ. ಅದಕ್ಕೇ ನಿಮ್ಮನ್ನು ಕರೆದದ್ದು.

ಮನೆಯ ಮೈದಾನದಲ್ಲಿ ಮಕ್ಕಳಿಗೆ ನಾವು ಕೊಡಬಹುದಾದ ದೊಡ್ಡ ಉಡುಗೊರೆ ಸರಿಯಾದ ಅಳತೆ. ಇಲ್ಲಿ 11.2 ಎಂದು ಬರೆದುಕೊಟ್ಟ ಹುಡುಗ ಬಾಲೆವಾಡಿ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿನಲ್ಲಿ, ಎಲೆಕ್ಟ್ರಾನಿಕ್ ಟೈಮಿಂಗ್‌ನಲ್ಲಿ 11.7 ಓಡಿದರೆ ತನ್ನ ಕಾಲನ್ನೇ ಬೈದುಕೊಳ್ಳುತ್ತಾನೆ. ತಪ್ಪು ಅವನ ಕಾಲಿನದಲ್ಲ, ನಮ್ಮ ಹೆಬ್ಬೆರಳಿನದು.

ಹೇಗೆಂದರೆ, 100 ಮೀಟರ್ ಓಟದಲ್ಲಿ ಪಿಸ್ತೂಲು ಹಾರಿಸಿ ಓಟ ಶುರುಮಾಡಿಸುವ ಸ್ಟಾರ್ಟರ್ ಅತ್ತ ತುದಿಯಲ್ಲಿ, ನೀವು ಇತ್ತ ತುದಿಯಲ್ಲಿ. ಸದ್ದು ನಿಮ್ಮ ಕಿವಿಗೆ ಬರಲು ಸುಮಾರು 0.29 ಸೆಕೆಂಡ್ ಬೇಕು. ಸದ್ದು ಕೇಳಿ ಗುಂಡಿ ಒತ್ತಿದರೆ ಅಷ್ಟು ಹೊತ್ತು ಹುಡುಗ ಪುಕ್ಕಟೆ ಓಡಿರುತ್ತಾನೆ. ಆದ್ದರಿಂದ ಪಿಸ್ತೂಲಿನ ಹೊಗೆ ಅಥವಾ ಮಿಂಚು ನೋಡಿ ಒತ್ತಬೇಕು. ಪಿಸ್ತೂಲಿನ ಬದಲು ಎರಡು ಹಲಗೆ ಬಡಿದು ಸದ್ದು ಮಾಡುವ ಕ್ಲ್ಯಾಪರ್ ಇದ್ದರೆ ಹಲಗೆಗಳು ಕೂಡುವುದನ್ನು ಕಣ್ಣಿಂದ ಹಿಡಿಯಬೇಕು. ಸ್ಟಾರ್ಟರ್ ಹಿಂದುಗಡೆ ಕಪ್ಪು ಬಟ್ಟೆ ಕಟ್ಟಿದರೆ ಹೊಗೆ ಎದ್ದು ಕಾಣುತ್ತದೆ. ಮುಕ್ತಾಯದಲ್ಲಿ ಎದೆ ಗೆರೆಗೆ ಬಂದಾಗ ನಿಲ್ಲಿಸಿ. ಮುಂದೆ ಚಾಚಿದ ತಲೆ, ಕೈ ಲೆಕ್ಕಕ್ಕಿಲ್ಲ. ಕೈಯ ಸ್ಟಾಪ್‌ವಾಚಿನಲ್ಲಿ 11.41 ಬಂದರೆ ಬರೆಯುವುದು 11.5, ಯಾವಾಗಲೂ ಮೇಲಿನ ಹತ್ತನೇ ಒಂದಕ್ಕೆ. ಮೂರು ವಾಚು ಮೂರು ಹೇಳಿದರೆ ನಡುವಿನದು, ಎರಡು ಒಂದೇ ಹೇಳಿದರೆ ಆ ಎರಡರದು. ಸರಾಸರಿ ತೆಗೆಯಬೇಡಿ. ಅಕೌಂಟೆಂಟ್‌ಗಳು ಇಲ್ಲಿ ಬಹಳ ಜನ ಇದ್ದೀರಿ, ಕೈ ತುರಿಸುತ್ತದೆ, ಗೊತ್ತು!

ಈ ಊರಿನಲ್ಲಿ ಅಳತೆಯ ಮಾತೆತ್ತಿದರೆ 1919 ನೆನಪಾಗಲೇಬೇಕು. ಇಲ್ಲಿನ ಡೆಕ್ಕನ್ ಜಿಮ್ಖಾನಾ ಕ್ಲಬ್ಬಿನ ಕ್ರೀಡಾಕೂಟ, ಅಧ್ಯಕ್ಷರು ಉದ್ಯಮಿ ದೊರಾಬ್ಜಿ ಟಾಟಾ. ಓಡುವವರಲ್ಲಿ ಹೆಚ್ಚಿನವರು ಹಳ್ಳಿಯ ರೈತರು. ಬರಿಗಾಲು, ತರಬೇತಿಯೂ ಇಲ್ಲ. ಟಾಟಾ ಅವರು ಸಮಯಗಳನ್ನು ನೋಡಿದರು. ಯುರೋಪಿನ ಓಟಗಾರರ ಸಮಯಕ್ಕೆ ತೀರ ದೂರವಿರಲಿಲ್ಲ. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಎಂಬ ಮಾತು ಅಲ್ಲಿಂದ ಹುಟ್ಟಿತು. ಮರುವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ 42.195 ಕಿಲೋಮೀಟರ್ ಅಲ್ಲ, 42.75, ಒಲಿಂಪಿಕ್ಸ್‌ನ ಅತಿ ಉದ್ದದ ಮ್ಯಾರಥಾನ್ ಇವತ್ತಿಗೂ ಅದೇ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಇಲ್ಲಿ ಕೂತಿರುವ ಬೆಳಗಾವಿಯವರು ಎದೆ ಉಬ್ಬಿಸಿಕೊಳ್ಳಬಹುದು. ಆದರೆ ಒಂದು ನಿಮಿಷ ಯೋಚಿಸಿ. 1919ರಲ್ಲಿ ಇಲ್ಲಿನ ಆ ಕೂಟದಲ್ಲಿ ವಾಚು ಹಿಡಿದವರ ಹೆಸರು ನಮಗೆ ಯಾರಿಗೂ ತಿಳಿದಿಲ್ಲ. ಅವರು ಬರೆದಿಟ್ಟ ಅಂಕಿ ಇಲ್ಲದಿದ್ದರೆ ಟಾಟಾ ಅವರ ಮುಂದೆ ಇರುತ್ತಿದ್ದದ್ದು ಬರಿಗಾಲಿನಲ್ಲಿ ಓಡಿದ ಒಂದಷ್ಟು ರೈತರು, ಅಷ್ಟೇ.

ಇನ್ನು ಟ್ರ್ಯಾಕು. ನಮ್ಮದು ಹುಲ್ಲು-ಮಣ್ಣಿನ ಮೈದಾನ, ಒಳಅಂಚಿಗೆ ಎತ್ತರಿಸಿದ ಕಟ್ಟೆ ಇಲ್ಲ. ಎಡವಟ್ಟು ಇಲ್ಲಿಯೇ ಆಗುತ್ತದೆ. ಪುಸ್ತಕದಲ್ಲಿ ನೇರಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಎಂದಿರುತ್ತದೆ, ಎಲ್ಲರೂ ಅದನ್ನೇ ಎಳೆಯುತ್ತಾರೆ. ಆದರೆ ಆ ಲೆಕ್ಕ ಕಟ್ಟೆ ಇರುವ ಟ್ರ್ಯಾಕಿನದು, ಅಲ್ಲಿ ಓಟದ ದಾರಿಯನ್ನು ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಬರೀ ಗೆರೆ ಇದ್ದರೆ 20 ಸೆಂಟಿಮೀಟರ್. ಅದೇ 36.50 ಇಟ್ಟರೆ ಒಂದು ಸುತ್ತು 399.37 ಮೀಟರ್ ಆಗುತ್ತದೆ. 63 ಸೆಂಟಿಮೀಟರ್ ತಾನೆ ಎನ್ನಬೇಡಿ. 5000 ಮೀಟರ್‌ಗೆ ಹನ್ನೆರಡೂವರೆ ಸುತ್ತು, ಹತ್ತಿರ ಹತ್ತಿರ ಎಂಟು ಮೀಟರ್ ಕಡಿಮೆ ಓಡಿಸಿದಂತೆ. ಆದ್ದರಿಂದ ತಿರುವಿಗೆ 36.60 ಹಿಡಿಯಿರಿ. ಲೇನ್ ಅಗಲ 1.22 ಮೀಟರ್. ಸ್ಟ್ಯಾಗರ್‌ನಲ್ಲೂ, ಅಂದರೆ ಹೊರಗಿನ ಲೇನ್‌ಗಳ ಸ್ಟಾರ್ಟ್ ಗೆರೆಯನ್ನು ಮುಂದಕ್ಕೆ ಸರಿಸುವ ಅಳತೆಯಲ್ಲೂ, ಇದೇ ಎಚ್ಚರ: ಒಂದು ಸುತ್ತಿನ ಓಟಕ್ಕೆ, ಕಟ್ಟೆಯಿದ್ದರೆ ಎರಡನೇ ಲೇನ್‌ಗೆ 7.04 ಮೀಟರ್, ನಮಗೆ 7.67, ಮುಂದಿನ ಪ್ರತಿ ಲೇನ್‌ಗೂ ಮತ್ತೆ 7.67.

ತ್ರಿಜ್ಯ ಎಳೆಯುವಾಗ ನಡುವಿನ ಗೂಟ ಅಲುಗಾಡಬಾರದು, ಹಗ್ಗವಂತೂ ಬೇಡವೇ ಬೇಡ. ಬೆಳಿಗ್ಗೆ ಇಬ್ಬನಿಗೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲಾಗುತ್ತದೆ. ಸ್ಟೀಲ್ ಟೇಪೇ ಬೇಕು. ಗೆರೆಗೆ ಸುಣ್ಣ ಹಾಕಬೇಡಿ, ಬಿದ್ದ ಮಗುವಿನ ಕಣ್ಣು, ಮೊಣಕಾಲು ಸುಡುತ್ತದೆ. ಗೆರೆ ಹಾಕುವ ಬಿಳಿ ಪುಡಿಯನ್ನು ಇಲ್ಲಿನ ಅಂಗಡಿಯಲ್ಲಿ ಫಕ್ಕಿ ಎಂದು ಕೇಳಿ, ಆದರೆ ಅದರಲ್ಲಿ ಸುಣ್ಣ ಬೆರೆತಿಲ್ಲವೇ ಎಂದು ಖಾತ್ರಿ ಮಾಡಿಕೊಂಡೇ ತನ್ನಿ. ಚಳಿಗಾಲದ ಇಬ್ಬನಿಯಲ್ಲಿ ರಾತ್ರಿ ಹಾಕಿದ ಗೆರೆ ಬೆಳಿಗ್ಗೆ ಕಲಸಿಹೋಗಿರುತ್ತದೆ. ಮೂಲೆಗಳಿಗೆ ಮೊಳೆ ಹೊಡೆದು ಬಟ್ಟೆ ಚೂರು ಸಿಕ್ಕಿಸಿಟ್ಟರೆ ಐದೇ ನಿಮಿಷದಲ್ಲಿ ಮತ್ತೆ ಎಳೆಯಬಹುದು.

ಲಾಂಗ್ ಜಂಪ್. ಟೇಪಿನ ಸೊನ್ನೆಯ ತುದಿ ಮರಳಿನಲ್ಲಿರಬೇಕು, ಓದುವುದು ಕಾಲೂರಿ ಹಾರುವ ಹಲಗೆಯ ಬಳಿ. ಟೇಪು ಟೇಕ್-ಆಫ್ ಗೆರೆಗೆ ಲಂಬವಾಗಿರಲಿ, ಓರೆಯಾದರೆ ದೂರ ಹೆಚ್ಚುತ್ತದೆ. ಹಲಗೆಗೆ ಹತ್ತಿರದ ಗುರುತು ಯಾವುದೋ ಅದಕ್ಕೇ ಅಳತೆ, ಹಿಂದಕ್ಕೆ ಊರಿದ ಕೈ ಆದರೂ ಸರಿ. ಮರಳಿಗೆ ನೀರು ಹಾಕಿ. ಒಣ ಮರಳು ಕುಸಿದು ಗುರುತನ್ನು ನುಂಗುತ್ತದೆ. ಸೆಂಟಿಮೀಟರಿಗಿಂತ ಕಡಿಮೆ ಉಳಿದದ್ದನ್ನು ಬಿಡಬೇಕು. ಸಮಯ ಮೇಲಕ್ಕೆ, ದೂರ ಕೆಳಕ್ಕೆ; ಅನುಮಾನದ ಲಾಭ ಎರಡರಲ್ಲೂ ಆಟಗಾರನಿಗಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಎಸೆತಗಳನ್ನು ಬೇಗ ಹೇಳುತ್ತೇನೆ. ಶಾಟ್‌ಪುಟ್, ಡಿಸ್ಕಸ್ ಸೆಕ್ಟರ್‌ಗೆ, ಅಂದರೆ ಎಸೆದದ್ದು ಬೀಳಬೇಕಾದ ಜಾಗಕ್ಕೆ, ಕೋನಮಾಪಕ ಹುಡುಕಬೇಡಿ: ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್ ಅಂತರವಿದ್ದರೆ ಕೋನ ತಾನಾಗಿ 34.92 ಡಿಗ್ರಿ. ಜಾವೆಲಿನ್‌ಗೆ 40 ಮೀಟರಿಗೆ 20. ಗೆರೆ ದಾಟಿ ಒಳಗೆ ಯಾರೂ ನಿಂತು ಫೋಟೊ ತೆಗೆಯಕೂಡದು, ಅಪ್ಪ-ಅಮ್ಮಂದಿರೂ ಕೂಡ.

ರಿಲೇ. 4x100ರಲ್ಲಿ ಬ್ಯಾಟನ್ ಬದಲಾಯಿಸುವ ವಲಯ ಈಗ 30 ಮೀಟರ್. ಹಳೆಯ 20 ಮೀಟರಿನ ಗುರುತು ನೋಡಿ ತಪ್ಪೆಂದು ಬಾವುಟ ಎತ್ತಿಬಿಟ್ಟೀರಿ, ಎಚ್ಚರ. ವಲಯದೊಳಗೆ ಇರಬೇಕಾದದ್ದು ಬ್ಯಾಟನ್, ಓಟಗಾರನ ಕಾಲು ಎಲ್ಲಿದೆ ಎಂದು ನೋಡಬೇಡಿ. 4x400 ಕೊನೆಯ ಸ್ಪರ್ಧೆ. ಎರಡನೇ ಓಟಗಾರರು ಮೊದಲ ತಿರುವು ದಾಟುವವರೆಗೂ ಲೇನ್‌ನಲ್ಲೇ ಓಡುವುದರಿಂದ ಅದಕ್ಕೆ ಮೂರು ತಿರುವಿನ ಸ್ಟ್ಯಾಗರ್ ಬೇಕು, 400 ಮೀಟರಿನ ಸ್ಟಾರ್ಟ್ ಗೆರೆ ನಡೆಯದು. ಅದನ್ನು ಶನಿವಾರ ಸಂಜೆಯೇ ಬೇರೆ ಬಣ್ಣದಲ್ಲಿ ಹಾಕಿಡೋಣ. ಅದರಲ್ಲಿ ಓಡುವ ನಮ್ಮ ನಾಲ್ಕು ಮಂದಿಯಲ್ಲಿ ಮೂವರು ಕೊನೆಯ ವರ್ಷದವರು.

ಇನ್ನೊಂದೇ ಮಾತು. ಗಂಡುಮಕ್ಕಳ ಶಾಟ್ 7.26 ಕಿಲೋಗಿಂತ, ಹೆಣ್ಣುಮಕ್ಕಳದು 4 ಕಿಲೋಗಿಂತ ಒಂದು ಗ್ರಾಂ ಕೂಡ ಕಡಿಮೆ ಇರುವಂತಿಲ್ಲ, ಹಳೆಯ ಕಬ್ಬಿಣದ ಗುಂಡು ತುಕ್ಕು ಹಿಡಿದು, ಉಜ್ಜಿಸಿಕೊಂಡು ಸವೆದಿರುತ್ತದೆ. ಅಂಗಡಿ ಇಟ್ಟವರು ಯಾರಾದರೂ ಇದ್ದರೆ ಹತ್ತು ಕಿಲೋ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಭಾನುವಾರ ಬೆಳಿಗ್ಗೆ ಆರಕ್ಕೆ, ಹಿಂದಿನ ಗೇಟಿನ ಹತ್ತಿರ ತಂದುಕೊಡಿ.